ಸ ಆದ ಮೇಲೆ ಹ

"ಹಾಕಿದ್ರೆ ಕೂರುತ್ತೆ ಮೇಡಂ, ಸ್ವಿಚ್ ಒತ್ತಿದ್ರೆ ಆನ್ ಆಗುತ್ತೆ. ಇನ್ನೇನು ಬೇಕು ನಿಮ್ಗೆ?"

ಅಂಗಡಿಯವನು ಹೀಗೆ ಕೇಳಿದಾಗ ಅವಳಿಗೆ ಸಿಟ್ಟು ಬರಲಿಲ್ಲ, ಕನಿಕರ ಬಂತು. ಕೂರುವುದು ಬೇರೆ, ಕೆಲಸ ಮಾಡುವುದು ಬೇರೆ ಎನ್ನುವುದು ಇಷ್ಟು ವರ್ಷ ಗಲ್ಲಾಪೆಟ್ಟಿಗೆಯ ಹಿಂದೆ ಕೂತವನಿಗೂ ತಿಳಿದಿಲ್ಲವಲ್ಲ ಎಂದುಕೊಂಡಳು. ಗಾಜಿನ ಕಪಾಟಿನ ತುಂಬ ಮದರ್‌ಬೋರ್ಡಿನ ಪೆಟ್ಟಿಗೆಗಳು. ಒಂದರ ಮೇಲೆ ಬೆಂಕಿ ಉಗುಳುವ ಮೃಗ, ಇನ್ನೊಂದರ ಮೇಲೆ ಕತ್ತಿ ಹಿಡಿದ ಯೋಧ, ಮತ್ತೊಂದರ ಮೇಲೆ ಬರೀ ಮಿಂಚು. ಒಳಗಿರುವುದು ಒಂದು ಹಲಗೆ, ಅದರಲ್ಲಿ ಮೆಮೊರಿ ಕಡ್ಡಿ ಸಿಕ್ಕಿಸುವ ನಾಲ್ಕು ಸೀಳು. ಅಷ್ಟಕ್ಕೆ ಇಷ್ಟೆಲ್ಲ ವೇಷ. ಬೆಳಗಿನಿಂದ ಈ ಬೀದಿಯ ಅಂಗಡಿಗಳನ್ನು ಒಂದೊಂದಾಗಿ ಹತ್ತಿ ಇಳಿದು ಅವಳು ಕೇಳುತ್ತಿದ್ದದ್ದು ಒಂದೇ ಮಾತು: ತಪ್ಪು ತಿದ್ದುವ ಮೆಮೊರಿ, ಇಸಿಸಿ ಅಂತಾರಲ್ಲ, ಅದನ್ನು ಹಾಕಿದರೆ ನಿಜವಾಗಿಯೂ ತಪ್ಪು ತಿದ್ದುವಂಥ ಬೋರ್ಡು ಬೇಕು, ಮೇಜಿನ ಮೇಲಿಡುವ ಸಾಧಾರಣ ಕಂಪ್ಯೂಟರಿಗೆ. ಮೊದಲನೇ ಅಂಗಡಿಯವನು "ತಪ್ಪು ತಿದ್ದೋದಾ? ಸ್ಪೆಲಿಂಗಾ? ಅದಕ್ಕೆ ಸಾಫ್ಟ್‌ವೇರ್ ಬರುತ್ತಲ್ಲ ಮೇಡಂ" ಎಂದಿದ್ದ. "ಸ್ಪೆಲಿಂಗ್ ತಿದ್ದೋಕೆ ನಾನಿದೀನಪ್ಪ. ನಾನು ತಿದ್ದಿದ್ದನ್ನ ಕೆಡಿಸದೇ ಇರೋ ಯಂತ್ರ ಬೇಕು" ಎಂದು ಹೇಳಿ ಮೆಟ್ಟಿಲಿಳಿದಿದ್ದಳು. ಎರಡನೆಯವನು ಅವಳನ್ನು ಮೇಲಿಂದ ಕೆಳಗೆ ನೋಡಿ, ಗೇಮ್ ಆಡೋದಕ್ಕಾ ಎಂದು ಕೇಳಿದ್ದ. ತಲೆತುಂಬ ನರೆ ಇಟ್ಟುಕೊಂಡವಳನ್ನೂ ಆಟಕ್ಕೆ ಸೇರಿಸಿಕೊಂಡನಲ್ಲ ಎಂದು ಅವನ ಮೇಲೆ ಸ್ವಲ್ಪ ಪ್ರೀತಿಯೇ ಬಂದಿತ್ತು. ಇವನು ಮೂರನೆಯವನು.

ಪ್ರೂಫ್ ನೋಡುವುದು ಅವಳ ಕೆಲಸ. ಮನೆಯ ಮುಂದಿನ ಕೋಣೆಯಲ್ಲಿ ಒಂದು ಮೇಜು, ಒಂದು ಕಂಪ್ಯೂಟರು, ಒಂದು ಪ್ರಿಂಟರು, ತಳ ಕಾಣದಷ್ಟು ಕರಡು ಹಾಳೆ. ಅಕ್ಷರ ಜೋಡಿಸುವವಳೂ ಅವಳೇ, ತಿದ್ದುವವಳೂ ಅವಳೇ. ನನ್ನ ಕಣ್ಣು ತಪ್ಪಿಸಿ ಒಂದು ಸೊನ್ನೆಯೂ ಹೋಗಲಾರದು ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ಬಂದಿದ್ದಳು, ಅದು ಜಂಬವೂ ಅಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದ್ದು. ಮದುವೆ ಕರೆಯೋಲೆಯಿಂದ ಕಾನೂನು ಪುಸ್ತಕದವರೆಗೆ ಏನು ಕೊಟ್ಟರೂ ಅಕ್ಕಿಯಿಂದ ಕಲ್ಲು ಆರಿಸಿದಂತೆ ಆರಿಸಿ ಕೊಡುತ್ತಿದ್ದಳು. ಹಾಗಿರುವಾಗ ಆ ಸಭೆಯಲ್ಲಿ, ಮುಂದಿನ ಸಾಲಿನಲ್ಲಿ ಅಕ್ಕನ ಪಕ್ಕ ಕೂತಿದ್ದಾಗ, ಆ ವಾಕ್ಯ ಧ್ವನಿವರ್ಧಕದಿಂದ ಹೊರಬಂದು ಎಲ್ಲರ ತಲೆಯ ಮೇಲೂ ಹರಿದುಹೋಯಿತು. ಅಕ್ಕನ ಗಂಡ, ಎಂದರೆ ಅವಳ ಭಾವ, ದೊಡ್ಡ ಶಾಲೆಯ ಹೆಡ್‌ಮಾಸ್ಟರರಾಗಿದ್ದವರು, ಬಹಳ ಕಾಲ ಹಾಸಿಗೆ ಹಿಡಿದು ತೀರಿಕೊಂಡಿದ್ದರು. ಅವರ ಶಿಷ್ಯರು ಸೇರಿ ಒಂದು ನೆನಪಿನ ಪುಸ್ತಕ ತಂದಿದ್ದರು. ಅಕ್ಷರ ಜೋಡಣೆ, ಪ್ರೂಫ್ ಎಲ್ಲ ಇವಳದೇ. ಕೊನೆಯ ಪುಟದಲ್ಲಿ ಹೆಸರೂ ಇತ್ತು. ಅಕ್ಕನಿಂದ ಕಾಡಿ ಬೇಡಿ ಎರಡು ಪುಟ ಬರೆಸಿದ್ದರು. ಆ ಎರಡು ಪುಟವನ್ನು ಒಬ್ಬ ಶಿಷ್ಯ ವೇದಿಕೆಯ ಮೇಲೆ ನಿಂತು, ಕಂಠ ತುಂಬಿ ಓದುತ್ತಿದ್ದ. ಸಾವು ಮಲಗಿದ್ದ ಮಂಚದ ಕಡೆ ನೋಡಲು ನನಗಿನ್ನೂ ಧೈರ್ಯ ಬಂದಿಲ್ಲ ಎಂದು ಅಕ್ಕ ಬರೆದಿದ್ದಳು. ಅವನು ಅಚ್ಚಾಗಿದ್ದನ್ನೇ ಓದಿದ: "ಹಾವು ಮಲಗಿದ್ದ ಮಂಚದ ಕಡೆ ನೋಡಲು ನನಗಿನ್ನೂ ಧೈರ್ಯ ಬಂದಿಲ್ಲ."

ಓದಿದವನಿಗೇ ಒಂದು ಗಳಿಗೆ ತಡವಾಗಿ ಗೊತ್ತಾಯಿತು. ಸಭೆಯಲ್ಲಿ ಯಾರೋ ಕೆಮ್ಮಿದರು. ಹಿಂದಿನ ಸಾಲಿನಲ್ಲಿ ಪುಟ ತಿರುವುವ ಸದ್ದು. ಎಲ್ಲರೂ ತಮ್ಮ ತಮ್ಮ ಪ್ರತಿಯಲ್ಲಿ ಹುಡುಕುತ್ತಿದ್ದರು. ಅಕ್ಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು, ಅವಳ ಭುಜ ಅಲುಗುತ್ತಿತ್ತು. ಆಚೆ ಪಕ್ಕದಲ್ಲಿ ಕೂತಿದ್ದ ಹೆಂಗಸು ಬೆನ್ನು ಸವರಿದಳು. ಇವಳು ಸವರಲಿಲ್ಲ, ಸವರಲು ಕೈ ಏಳಲಿಲ್ಲ. ಮನೆಗೆ ಬಂದು ಫೋನ್ ಮಾಡಿದರೆ ಅಕ್ಕ ತೆಗೆಯಲಿಲ್ಲ. ಅವತ್ತಿನಿಂದ ಇವತ್ತಿನವರೆಗೂ ತೆಗೆದಿಲ್ಲ.

"ಡಬ್ಬದ ಮೇಲೇ ಬರೆದಿದೆ ನೋಡಿ ಮೇಡಂ, ಇಸಿಸಿ ಸಪೋರ್ಟ್ ಅಂತ" ಎಂದು ಅಂಗಡಿಯವನು ಮಿಂಚಿನ ಪೆಟ್ಟಿಗೆಯೊಂದನ್ನು ಮುಂದಿಟ್ಟ. ಡಬ್ಬದ ಮೇಲೆ ಏನು ಬೇಕಾದರೂ ಬರೆಯಬಹುದು, ಡಬ್ಬ ಮಾತಾಡುವುದಿಲ್ಲ. "ಒಳಗಿನ ಪುಸ್ತಕ ಕೊಡಿ" ಎಂದಳು. ಆ ಪುಸ್ತಕವನ್ನು ಇದುವರೆಗೆ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ, ಅವನು ಅದನ್ನು ಹುಡುಕಿ ತೆಗೆಯುವಷ್ಟರಲ್ಲಿ ಸ್ಟೂಲು ಎಳೆದುಕೊಂಡು ಕೂತಳು.

ಸಭೆಯ ಮಾರನೆಯ ದಿನ ರಾದ್ಧಾಂತವೇ ಆಗಿತ್ತು. ಕೊನೆಯ ಕರಡು ಹಾಳೆ ತೆಗೆದು ನೋಡಿದಳು: ಸಾವು. ಕೆಂಪು ಮಸಿಯಲ್ಲಿ ಆ ಸಾಲಿನ ಪಕ್ಕ ಅವಳದೇ ಸರಿ ಗುರುತು. ಪೆನ್‌ಡ್ರೈವಿನಲ್ಲಿ ಎತ್ತಿಟ್ಟಿದ್ದ ಪ್ರತಿಯಲ್ಲೂ ಸಾವು. ಕಂಪ್ಯೂಟರಿನಿಂದ ಅಚ್ಚಿನ ಮನೆಗೆ ಹೋದ ಪ್ರತಿಯಲ್ಲಿ ಮಾತ್ರ ಹಾವು. ನಡುವೆ ಆದದ್ದು ಇಷ್ಟೇ: ಕೊನೆಯ ಪುಟಕ್ಕೆ ಅಚ್ಚಿನ ಮನೆಯ ವಿಳಾಸ ಸೇರಿಸಲು ಫೈಲು ತೆರೆದಿದ್ದಳು, ಸೇರಿಸಿ ಉಳಿಸಿದ್ದಳು. ಎಂದರೆ ಒಮ್ಮೆ ಮುಟ್ಟಿದ್ದು ನಿಜ. ಹಾಗೆ ಒಮ್ಮೆ ಮುಟ್ಟಿದ್ದೇ ಅವಳ ನಿದ್ದೆ ಕೆಡಿಸಿತ್ತು. ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದಳು. ಅವನನ್ನು ಅವಳು ಡಾಕ್ಟ್ರೇ ಎಂದೇ ಕರೆಯುವುದು, ಏಕೆಂದರೆ ಯಾವ ಕಾಯಿಲೆಗೂ ಅವನದು ಒಂದೇ ಮಾತ್ರೆ: ಒಂದ್ಸಲ ಆಫ್ ಮಾಡಿ ಆನ್ ಮಾಡಿ. ಅವನು ಎರಡೂ ಫೈಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಮೂಗು ತುರಿಸಿಕೊಂಡು, "ಹೀಗೂ ಆಗುತ್ತೆ ಮೇಡಂ" ಎಂದ. "ಒಳಗೆಲ್ಲ ಇರೋದು ಸೊನ್ನೆ ಮತ್ತೆ ಒಂದು. ಎಲ್ಲೋ ಒಂದು ಸೊನ್ನೆ ಸುಮ್ಮಸುಮ್ಮನೆ ಒಂದಾಗ್ಬಿಡುತ್ತೆ. ಶಾಖ ಇರ್ಬೋದು, ಕರೆಂಟ್ ಇರ್ಬೋದು, ಆಕಾಶದಿಂದ ಏನೋ ಕಣ ಬಂದು ಬಡಿದಿರ್ಬೋದು." ಇಡೀ ದಿನ ಮೆಮೊರಿ ಕಡ್ಡಿಗಳ ಪರೀಕ್ಷೆ ನಡೆಸಿದ. ಯಾವ ದೋಷವೂ ಸಿಗಲಿಲ್ಲ. ಬಂದದ್ದು ಬಂದು ಹೋಗಿಬಿಟ್ಟಿತ್ತು, ಹೆಜ್ಜೆ ಗುರುತೂ ಇಲ್ಲ. ಬೇರೆಯವರಾಗಿದ್ದರೆ ಅಲ್ಲಿಗೆ ಕುಸಿಯುತ್ತಿದ್ದರೇನೋ. ಅವಳು ಮಾತ್ರ ಅವನು ಹೋದ ಮೇಲೆ ಕೀಲಿಮಣೆ ಮುಂದಿಟ್ಟುಕೊಂಡು ವಿಚಾರಣೆಗೆ ಕೂತಳು. ಕೈ ತಪ್ಪಿದರೆ ಪಕ್ಕದ ಕೀಲಿ ಬೀಳಬೇಕು. ಸ ಕೆಳಗಿನ ಸಾಲಿನಲ್ಲಿದೆ, ಹ ಮೇಲಿನ ಸಾಲಿನಲ್ಲಿ. ಕಣ್ಣು ತಪ್ಪಿದರೆ ನೋಡಲು ಒಂದೇ ಥರದ್ದು ಬೀಳಬೇಕು, ಪ ಇದ್ದಲ್ಲಿ ಷ, ಮ ಇದ್ದಲ್ಲಿ ಯ. ಸ-ಗೂ ಹ-ಗೂ ಮುಖದಲ್ಲಿ ಹೋಲಿಕೆಯೇ ಇಲ್ಲ. ಮನುಷ್ಯರು ಮಾಡುವ ತಪ್ಪುಗಳ ಕುಲಗೋತ್ರವೆಲ್ಲ ಅವಳಿಗೆ ಬಾಯಿಪಾಠ, ಇದು ಯಾವುದಕ್ಕೂ ಸೇರಿದ್ದಲ್ಲ. ಸ ಆದ ಮೇಲೆ ಹ ಬರುವುದು ಒಂದೇ ಕಡೆ, ಒಂದನೇ ತರಗತಿಯ ಗೋಡೆಯ ಮೇಲೆ: ಶ ಷ ಸ ಹ ಳ. ಡಾಕ್ಟರನಿಗೆ ಫೋನ್ ಮಾಡಿ, ಯಂತ್ರದ ಒಳಗೆ ಅಕ್ಷರಗಳು ಯಾವ ಸಾಲಿನಲ್ಲಿ ನಿಂತಿರುತ್ತವೆ ಎಂದು ಕೇಳಿದಳು. ಅವನು ನೋಡಿ ಹೇಳಿದ, ವರ್ಣಮಾಲೆಯ ಸಾಲಿನಲ್ಲೇ, ಒಂದೊಂದಕ್ಕೂ ಒಂದೊಂದು ನಂಬರು. ಸ-ದ ನಂಬರಿನ ಕೊನೆಯ ಸೊನ್ನೆ ಒಂದಾದರೆ ಹ. ಫೋನ್ ಇಟ್ಟು ಅವಳು ಕೋಣೆಯಲ್ಲಿ ಒಬ್ಬಳೇ ಗಟ್ಟಿಯಾಗಿ "ನಾನಲ್ಲ!" ಎಂದಳು. ಆ ಮಾತನ್ನು ಅಕ್ಕನಿಗೆ ಹೇಳಬೇಕಾಗಿತ್ತು. ಅಕ್ಕ ಫೋನ್ ತೆಗೆಯುತ್ತಿರಲಿಲ್ಲ.

ಮನೆಗೇ ಹೋಗಬಹುದಿತ್ತು, ಹೋಗಲಿಲ್ಲ. ಬರಿಗೈಯಲ್ಲಿ ಹೋಗಿ ಕಂಪ್ಯೂಟರ್ ತಪ್ಪು ಮಾಡಿತು ಎಂದರೆ, ಕುಣಿಯಲಾರದವಳು ನೆಲ ಡೊಂಕು ಅಂದಳು ಎನ್ನುತ್ತಾರೆ. ಹಾಗಾಗಿ ತೀರ್ಮಾನ ಮಾಡಿದಳು: ಇನ್ನು ಮುಂದೆ ಹೀಗೆ ಮಾಡದಂಥ ಯಂತ್ರ ತರಬೇಕು, ಅದರಲ್ಲಿ ಆ ಪುಸ್ತಕವನ್ನು ಮತ್ತೆ ಕಟ್ಟಬೇಕು, ಮತ್ತೆ ಅಚ್ಚು ಹಾಕಿಸಬೇಕು, ಹಳೆಯ ಪ್ರತಿಗಳನ್ನು ಶಿಷ್ಯರ ಮನೆಮನೆಗೆ ಹೋಗಿ ವಾಪಸು ತರಬೇಕು, ಹೊಸದರ ಮೊದಲ ಪ್ರತಿಯನ್ನು ಅಕ್ಕನ ಕೈಯಲ್ಲಿಟ್ಟು ಆಮೇಲೆ ಮಾತಾಡಬೇಕು. ಶಿಷ್ಯರಿಗೆ ಆಗಲೇ ತಿಳಿಸಿಯೂ ಇದ್ದಳು. ಅಂಥ ಯಂತ್ರ ಇದೆ ಎಂದು ಡಾಕ್ಟರನೇ ಹೇಳಿದ್ದು. ಆ ಮೆಮೊರಿ ಕಡ್ಡಿಯಲ್ಲಿ ಎಂಟು ಚಿಪ್‌ಗಳ ಪಕ್ಕ ಕಾವಲಿಗೆ ಒಂಬತ್ತನೆಯದು ಇರುತ್ತದಂತೆ. ಒಂದು ಸೊನ್ನೆ ಹೊರಳಿದರೆ ಅದು ಕಂಡುಹಿಡಿದು, ತಿದ್ದಿ, ತಿದ್ದಿದೆ ಎಂದು ಬರೆದೂ ಇಡುತ್ತದಂತೆ. ಅವಳಿಗೆ ತನ್ನದೇ ಕಸುಬಿನ ಒಬ್ಬ ನೆಂಟ ಸಿಕ್ಕಿದ ಹಾಗಾಯಿತು. "ಆದ್ರೆ ಕಡ್ಡಿ, ಬೋರ್ಡು, ಪ್ರೊಸೆಸರು ಮೂರೂ ಒಪ್ಪಬೇಕು ಮೇಡಂ" ಎಂದು ಅವನು ಎಚ್ಚರಿಸಿದ್ದ. "ಒಂದು ಒಪ್ಪದಿದ್ರೂ ಉಳಿದೆರಡು ಜಗಳ ಗಿಗಳ ಆಡಲ್ಲ, ಸುಮ್ಮನೆ ತಿದ್ದೋದನ್ನ ನಿಲ್ಲಿಸ್ಬಿಡ್ತವೆ. ನಿಮ್ಗೆ ಗೊತ್ತೇ ಆಗಲ್ಲ." ಅದಂತೂ ಎಲ್ಲ ಮನೆಗಳಲ್ಲೂ ಇರುವುದೇ ಎಂದು ಅವಳು ನಕ್ಕಿದ್ದಳು.

ಪುಸ್ತಕ ಬಂತು. ಅವಳು ಎಲ್ಲರ ಹಾಗೆ ಚಿತ್ರ ನೋಡಲಿಲ್ಲ, ಮೆಮೊರಿಯ ಪುಟ ಹುಡುಕಿ ಬೆರಳಿಟ್ಟು ಓದಿದಳು. ಇಸಿಸಿ ಮೆಮೊರಿಯನ್ನು ಹಾಕಬಹುದು ಎಂದಿತ್ತು. ಅದರ ಪಕ್ಕದಲ್ಲೇ ಒಂದು ಕಂಸ, ಕಂಸದೊಳಗೆ ಇರುವೆಯಷ್ಟು ಸಣ್ಣ ಅಕ್ಷರ: ಇಸಿಸಿ ಅಲ್ಲದಂತೆ ಕೆಲಸ ಮಾಡುತ್ತದೆ. ಅವಳಿಗೆ ನಗು ತಡೆಯಲಾಗಲಿಲ್ಲ. "ನೋಡಿ, ಒಳಗೆ ಕೂರಿಸಿಕೊಳ್ಳುತ್ತೆ, ಬಾಯಿ ಬಿಡೋಕೆ ಮಾತ್ರ ಕೊಡಲ್ಲ" ಎಂದು ಅವನಿಗೆ ತೋರಿಸಿದಳು. ಅವನು ಕನ್ನಡಕ ಹಣೆಗೇರಿಸಿ ಓದಿ, "ಇದನ್ನೆಲ್ಲ ಯಾರು ಓದ್ತಾರೆ ಮೇಡಂ" ಎಂದ. ನಾನು ಓದುತ್ತೇನೆ ಎಂದುಕೊಂಡಳು, ಓದುವುದಕ್ಕೇ ಹುಟ್ಟಿದವಳು ನಾನು. ಹಾಗೆ ಅಂದುಕೊಳ್ಳುತ್ತಿರುವಾಗಲೇ ನಗು ಅರ್ಧಕ್ಕೆ ನಿಂತುಹೋಯಿತು, ಏಕೆಂದರೆ ಆ ಕಂಸದೊಳಗೆ ತಾನೇ ಕೂತಿರುವುದು ಕಂಡಿತು. ಎಷ್ಟೋ ವರ್ಷದ ಹಿಂದೆ, ಅಕ್ಕನ ಮನೆಯ ಊಟದ ಮೇಜು, ಭಾವನ ಜೊತೆ ಕೆಲಸ ಮಾಡುವ ಮಾಸ್ತರರು ನಾಲ್ಕಾರು ಜನ, ಅಕ್ಕ ನೀರಿನ ಜಗ್ಗು ಹಿಡಿದು ನಿಂತೇ ಏನೋ ಹೇಳುತ್ತಿದ್ದಳು, ಉತ್ಸಾಹದಲ್ಲಿ, "ನಿನ್ನೆ ಇತ್ತಿಲಲ್ಲಿ ಬಟ್ಟೆ ಒಣಗಾಕ್ತಿದ್ದೆ, ಕಾಲ ಅತ್ರಾನೇ ಒಂದು ಆವು..." ಚಿಕ್ಕಂದಿನಿಂದ ಅಕ್ಕತಂಗಿಯರ ತವರಿನಲ್ಲಿ ಯಾರ ಬಾಯಲ್ಲೂ ಹ ಬರುತ್ತಿರಲಿಲ್ಲ. ಅವಳು ಕಸುಬಿಗಾಗಿ ಕಲಿತುಕೊಂಡಳು, ಅಕ್ಕ ಕಲಿಯಲಿಲ್ಲ. ಬರೆದರೆ ಅಕ್ಕನದೂ ಸರಿಯಾಗಿಯೇ ಇರುತ್ತಿತ್ತು, ಬಾಯಲ್ಲಿ ಮಾತ್ರ ಬಿದ್ದುಹೋಗುತ್ತಿತ್ತು. ಭಾವ ಚಮಚ ಕೆಳಗಿಟ್ಟರು. "ಏನು ಅದು?" "ಆವು." "ಹಾವು. ಉಸಿರು ಬಿಟ್ಟು ಹೇಳು. ಹಾ." ಅಕ್ಕ ಹೇಳಿದಳು. "ಇನ್ನೊಂದ್ಸಲ. ಹಿತ್ತಿಲು. ಹತ್ತಿರ. ಹಾವು." ಅಕ್ಕ ಜಗ್ಗು ಹಿಡಿದುಕೊಂಡೇ ಶಾಲೆಯ ಮಗುವಿನಂತೆ ಒಂದೊಂದನ್ನೂ ಹೇಳಿದಳು. ಭಾವ ಗದರುವ ಮನುಷ್ಯರಲ್ಲ, ನಗುನಗುತ್ತಲೇ ಹೇಳಿಸುತ್ತಿದ್ದರು. ಆಮೇಲೆ ಇವಳ ಕಡೆ ತಿರುಗಿ, "ನೋಡು ಕಾಗುಣಿತ, ನಿಮ್ಮಕ್ಕನ ಹಾವಿಗೆ ಹೆಡೆಯೇ ಇಲ್ಲ" ಎಂದರು. ಕಾಗುಣಿತ ಎನ್ನುವುದು ಅವರು ಇವಳಿಗಿಟ್ಟ ಹೆಸರು. ಎಲ್ಲರೂ ನಕ್ಕರು. ಅವಳೂ ನಕ್ಕಳು, ಮಾತು ಚೆನ್ನಾಗಿತ್ತು, ಅದಕ್ಕೇ ನಕ್ಕಳು. ಹಾವು ಏನು ಮಾಡಿತು, ಅಕ್ಕ ಹೇಗೆ ಪಾರಾದಳು ಎಂದು ಕೊನೆಗೂ ಯಾರೂ ಕೇಳಲಿಲ್ಲ. ಬರಬರುತ್ತ ಅಕ್ಕ ಹ ಇರುವ ಮಾತುಗಳನ್ನೇ ಬಿಟ್ಟುಬಿಟ್ಟಳು. ಹೂವು ಎನ್ನಬೇಕಾದಲ್ಲಿ ಗುಲಾಬಿ ಎಂದಳು, ಮಲ್ಲಿಗೆ ಎಂದಳು. ಹೌದು ಎನ್ನುವುದನ್ನೇ ಬಿಟ್ಟು ಎಲ್ಲದಕ್ಕೂ ಸರಿ ಎಂದಳು. ಇದನ್ನೆಲ್ಲ ಅವಳು ಗಮನಿಸಿದ್ದಳು, ಅಲ್ಪವಿರಾಮ ಬಿದ್ದುಹೋದರೂ ಗಮನಿಸುವ ಕಣ್ಣಲ್ಲವೇ. ಗಮನಿಸಿ, ಅಕ್ಕ ಮಿತಭಾಷಿಯಾಗುತ್ತಿದ್ದಾಳೆ ಎಂದುಕೊಂಡಿದ್ದಳು. ಕಡ್ಡಿ ಸೀಳಿನಲ್ಲಿ ಸರಿಯಾಗಿಯೇ ಕೂತಿತ್ತು. ಪುಸ್ತಕವನ್ನು ಅಂಗಡಿಯವನ ಕೈಗೆ ವಾಪಸು ಕೊಟ್ಟು, ನಾಚಿಕೆಯಿಂದ ಕಿವಿ ಬೆಚ್ಚಗಾದವಳಾಗಿ, ಅವಳು ಬೀದಿಗಿಳಿದಳು.

ಆಮೇಲಿನ ಅಂಗಡಿಗಳಲ್ಲಿ ಅವಳ ಪ್ರಶ್ನೆ ಇನ್ನೂ ಚೂಪಾಯಿತು. ಒಬ್ಬ, ದೊಡ್ಡ ಕಂಪನಿಗಳ ಸರ್ವರಿಗೆ ಹಾಕುವ ಬೋರ್ಡು ತೋರಿಸಿದ. ತಿದ್ದುತ್ತದೆ, ಸಂದೇಹವಿಲ್ಲ, ಆದರೆ ಅದರ ಫ್ಯಾನು ತಿರುಗಿದರೆ ಬೀದಿಯವರೆಲ್ಲ ಎದ್ದು ಕೂರಬೇಕು. ಅದಕ್ಕೆ ಬೇಕಾದ ಮೆಮೊರಿ ಕಡ್ಡಿಯೇ ಬೇರೆ ಬಗೆಯದು, ಅದು ಮೇಜಿನ ಕಂಪ್ಯೂಟರಿಗೆ ಆಗದು, ಮೇಜಿನ ಕಂಪ್ಯೂಟರಿನದು ಅದಕ್ಕೆ ಆಗದು. ಇನ್ನೊಬ್ಬನ ಬಳಿ ಬೋರ್ಡು ಇತ್ತು, ಅದಕ್ಕೆ ಹೊಂದುವ ಪ್ರೊಸೆಸರಿಗೆ ತಿದ್ದುವ ಶಕ್ತಿ ಇರಲಿಲ್ಲ. ಮತ್ತೊಬ್ಬ, ತಯಾರಿಸಿದವರು ಹೇಳಿಕೊಂಡಿಲ್ಲ ಆದರೂ ಕೆಲಸ ಮಾಡುತ್ತದೆ ಎಂದು ಕೇಳಿದ್ದೇನೆ ಎಂದ. ಕೇಳಿದ್ದು ಬೇಡ, ಅಚ್ಚಿನಲ್ಲಿ ತೋರಿಸಿ ಎಂದಳು. ಕಾಲು ನೋಯುತ್ತಿತ್ತು, ಆದರೆ ಹುಡುಕಾಟ ಕೈಗೂಡುತ್ತದೆ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಇಡೀ ಪುಟದಲ್ಲಿ ಒಂದೇ ತಪ್ಪಿದ್ದರೂ ಅದು ಎಲ್ಲೋ ಒಂದು ಸಾಲಿನಲ್ಲಿ ಇದ್ದೇ ಇರಬೇಕಲ್ಲ, ಇದೂ ಹಾಗೆಯೇ. ಬೀದಿಯ ತುದಿಯಲ್ಲಿ ನೆಲಮಾಳಿಗೆಯ ಅಂಗಡಿಯೊಂದರಲ್ಲಿ ಅವಳದೇ ವಯಸ್ಸಿನ ಹೆಂಗಸು ಕಿತ್ತಳೆ ಸುಲಿಯುತ್ತ ಕೂತಿದ್ದಳು. ಇವಳ ಮಾತು ಪೂರ್ತಿ ಕೇಳಿ, ಒಂದು ತೊಳೆ ಬಾಯಿಗಿಟ್ಟುಕೊಂಡು, "ಯಾವ್ದು ಬೇಕು? ಕೂರೋದಾ, ತಿದ್ದೋದಾ?" ಎಂದಳು. ಇವಳಿಗೆ ಅವಳ ಕೈಯನ್ನೇ ಹಿಡಿದುಕೊಳ್ಳಬೇಕೆನ್ನಿಸಿತು. ಮೇಲಿನ ಹಲಗೆಯಿಂದ ಇಳಿಸಿಕೊಟ್ಟ ಪೆಟ್ಟಿಗೆಯ ಮೇಲೆ ಮೃಗವೂ ಇರಲಿಲ್ಲ, ಮಿಂಚೂ ಇರಲಿಲ್ಲ, ಒಂದು ನಂಬರು ಮಾತ್ರ. ಪುಸ್ತಕ ತೆಗೆದು ಮೆಮೊರಿಯ ಪುಟ ನೋಡಿದಳು. ಆ ಸಾಲಿಗೆ ಕಂಸವೇ ಇರಲಿಲ್ಲ.

ಮಾರನೆಯ ದಿನ ಊಟವಾದ ಮೇಲೆ ಡಾಕ್ಟರ್ ಬಂದು ಎಲ್ಲ ಜೋಡಿಸಿದ. ನಿಜವಾಗಿ ತಿದ್ದುತ್ತದೋ ಇಲ್ಲವೋ ನೋಡಬೇಕಲ್ಲ ಎಂದು ಅವಳು ಪಟ್ಟು ಹಿಡಿದಳು. ಅವನು ಒಂದು ಉಪಾಯ ಮಾಡಿದ. ಮೆಮೊರಿಯನ್ನು ಅದರ ಶಕ್ತಿಗೆ ಮೀರಿದ ವೇಗದಲ್ಲಿ ಓಡಿಸಿದ, ಏದುಸಿರು ಬಿಡುತ್ತ ಎಲ್ಲಾದರೂ ಎಡವಲಿ ಎಂದು. ಇಬ್ಬರೂ ಪರದೆಯ ಮುಂದೆ ಕಾದು ಕೂತರು. ಸ್ವಲ್ಪ ಹೊತ್ತಿಗೆ ಒಂದು ಸಾಲು ಮೂಡಿತು, ತಪ್ಪು ಕಂಡಿತು, ತಿದ್ದಲಾಯಿತು ಎನ್ನುವ ಅರ್ಥದ್ದು. ಇನ್ನೊಂದು ಸ್ವಲ್ಪ ಹೊತ್ತಿಗೆ ಇನ್ನೊಂದು. "ತಪ್ಪಾಗಿತ್ತು ಅಂತ ತಾನೇ ಬಾಯಿ ಬಿಟ್ಟು ಹೇಳಿದ್ದನ್ನ ನಮ್ಮ ಕಡೆ ಯಾರೂ ನೋಡಿಲ್ಲ ಡಾಕ್ಟ್ರೇ" ಎಂದಳು. ಅವನು ನಕ್ಕು ವೇಗವನ್ನು ಮೊದಲಿನಂತೆ ಇಳಿಸಿದ. ಅವಳು ಪೆನ್‌ಡ್ರೈವಿನ ಸರಿಯಾದ ಪ್ರತಿಯನ್ನು ಹಾಕಿ, ಅಕ್ಕನ ಪುಟ ತೆರೆದಳು. ಸಾವು. ತನ್ನ ಜಾಗಕ್ಕೆ ತಾನು ಬಂದು ಕೂತಿತ್ತು. ಎದೆ ತುಂಬಿ ಬಂತು. ಅಕ್ಕನಿಗೆ ಹೇಳಬೇಕಾದ ಮಾತೆಲ್ಲ, ಕೀಲಿಮಣೆ, ವರ್ಣಮಾಲೆ, ಕೊನೆಯ ಸೊನ್ನೆ, ಎಲ್ಲ ತಲೆಯೊಳಗೆ ಸಾಲಾಗಿ ನಿಂತಿತು. ಆಗ ಬಾಗಿಲ ಹತ್ತಿರ ಯಾರೋ ಚಪ್ಪಲಿ ಬಿಟ್ಟ ಸದ್ದಾಯಿತು.

"ಒಳಗೆ ಬರ್ಲೇನೇ?" ಎಂದಳು ಅಕ್ಕ, ಬಂದು ನಿಂತ ಮೇಲೆ.

ಕೈಚೀಲದಿಂದ ಆ ಪುಸ್ತಕ ತೆಗೆದು ಮೇಜಿನ ಮೇಲಿಟ್ಟು, ಕುರ್ಚಿಯ ಮೇಲಿದ್ದ ಹಾಳೆಗಳನ್ನು ತಾನೇ ಎತ್ತಿಟ್ಟು ಕೂತಳು. "ಮತ್ತೆ ಅಚ್ಚು ಆಕಿಸ್ತೀಯಂತೆ, ಅವರ ಶಿಷ್ಯರು ಏಳಿದ್ರು."

ಆಕಿಸ್ತೀಯಂತೆ. ಏಳಿದ್ರು. ಎಷ್ಟು ವರ್ಷವಾಗಿತ್ತು ಅಕ್ಕನ ಬಾಯಲ್ಲಿ ಹೀಗೆ ಕೇಳಿ. "ಹಾಕಿಸ್ತೀನಿ ಅಕ್ಕಾ. ಒಂದು ನಿಮಿಷ ನನ್ನ ಮಾತು ಕೇಳು, ಅದು ಹೇಗಾಯ್ತು ಅಂದ್ರೆ..."

"ಯೇಗಾಯ್ತು ಅಂತ ನಂಗೊತ್ತು. ನೀನು ಬೇಕಂತಲೇ ಮಾಡಿದ್ದು."

ಡಾಕ್ಟರಿಗೆ ತಡೆಯಲಾಗಲಿಲ್ಲ. "ಅಯ್ಯೋ ಇಲ್ಲಮ್ಮ, ಇವರದೇನೂ ತಪ್ಪಿಲ್ಲ, ಅದು ಮೆಮೊರಿಯಲ್ಲಿ..." ಎಂದು ಶುರು ಮಾಡಿದ. ಅವನ ಮಾತು ಕಿವಿಗೇ ಬೀಳದವಳಂತೆ ಅಕ್ಕ ತಂಗಿಯನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಸಿಟ್ಟು ಇರಲಿಲ್ಲ. ಏನಿದೆ ಎಂದು ಓದಲು ಅವಳಿಗೆ ಒಂದು ಗಳಿಗೆ ಬೇಕಾಯಿತು.

"ಡಾಕ್ಟ್ರೇ," ಎಂದಳು, "ಮೂಲೆ ಅಂಗಡಿಯಿಂದ ಮೂರು ಕಾಫಿ ತರ್ತೀರಾ?"

ಅವನು ಒಬ್ಬರ ಮುಖ ಆದ ಮೇಲೆ ಒಬ್ಬರ ಮುಖ ನೋಡಿ ಹೊರಗೆ ಹೋದ.

"ಅವತ್ತು ನಾನು ಅಳ್ತಿದೀನಿ ಅನ್ಕೊಂಡ್ರು ಎಲ್ಲಾರೂ" ಎಂದಳು ಅಕ್ಕ. "ನಗು ಕಣೇ. ಅಷ್ಟು ಜನರ ಮಧ್ಯೆ ಮೈಕಲ್ಲಿ ಓದ್ಬಿಟ್ನಲ್ಲ, ಅದೂ ಅಷ್ಟು ಚೆನ್ನಾಗಿ ಉಸಿರು ಬಿಟ್ಟು! ಮುಖ ಮುಚ್ಕೊಳ್ದೇ ಇದ್ದಿದ್ರೆ ಮಾನ ಓಗ್ತಿತ್ತು. ಮನೇಗೆ ಬಂದು ಬಾಗ್ಲು ಆಕ್ಕೊಂಡು ನಕ್ಕೆ. ನಕ್ಕೂ ನಕ್ಕೂ ಆಮೇಲೆ ಅತ್ತೆ."

"ಮತ್ತೆ ಫೋನ್ ಯಾಕಕ್ಕಾ ತೆಗೀಲಿಲ್ಲ?"

"ತೆಗೆದಿದ್ರೆ ನೀನು ತಪ್ಪಾಯ್ತು ಅಕ್ಕಾ ಅಂತಿದ್ದೆ. ಅಂದ್ಬಿಟ್ರೆ ಅದು ಬರೀ ತಪ್ಪಾಗ್ಬಿಡ್ತಿತ್ತು." ಅಕ್ಕ ಪುಸ್ತಕದ ಮೇಲೆ ಕೈಯಿಟ್ಟಳು. "ನಿನ್ನ ಕಣ್ಣು ತಪ್ಪಲ್ಲ ಅಂತ ಊರಿಗೆಲ್ಲ ಏಳ್ಕೊಂಡು ತಿರುಗ್ತೀಯ. ತಪ್ಪೋದೇ ಇಲ್ಲ ಅಂದ್ಮೇಲೆ ಅದು ಬೇಕಂತ ಮಾಡಿದ್ದೇ ಅಲ್ವಾ? ಅಷ್ಟೂ ವರ್ಷ ಯಾರಿಗೂ ಕಾಣ್ಲಿಲ್ಲ ಅನ್ಕೊಂಡಿದ್ದೆ. ಎಲ್ಲಾರೂ ನಗ್ತಾ ಊಟ ಮಾಡಿ ಎದ್ದು ಓದ್ರು, ನೀನೂ ನಗ್ತಿದ್ದೆ. ಆದ್ರೆ ನೀನು ನೋಡ್ತಿದ್ದೆ. ಏಳು, ನೀನೇ ತಾನೇ ಮಾಡಿದ್ದು?"

ನೀನಂದ ಹಾಗೆ ನಾನು ನೋಡುತ್ತಿರಲಿಲ್ಲ. ನಾನಲ್ಲ. ಎರಡು ಮಾತೂ ನಾಲಿಗೆಯ ತುದಿಯಲ್ಲೇ ಇದ್ದವು, ಎರಡೂ ನಿಜ. ಕಸುಬಿಗೆ ಬಂದಂದಿನಿಂದ ಕಾಪಾಡಿಕೊಂಡ ಹೆಸರು ಒಂದು ಕಡೆ, ಪುರಾವೆ ಸಮೇತ ಮೇಜಿನ ಮೇಲೇ ಇತ್ತು. ಬಾಯಿ ತೆರೆದರೆ ಸಾಕು, ತಾನು ಗೆಲ್ಲುತ್ತಿದ್ದಳು, ಅಕ್ಕ ಮತ್ತೆ ಆ ಊಟದ ಮೇಜಿನ ಪಕ್ಕ ಜಗ್ಗು ಹಿಡಿದುಕೊಂಡು ಒಬ್ಬಳೇ ನಿಲ್ಲುತ್ತಿದ್ದಳು. ಅಕ್ಕನ ಮೇಲೆ ಇಷ್ಟು ಪ್ರೀತಿ ಇದೆಯೆಂದು ಅವಳಿಗೇ ಗೊತ್ತಿರಲಿಲ್ಲ.

"ಹೌದಕ್ಕಾ," ಎಂದಳು, "ಬೇಕಂತಲೇ ಮಾಡಿದ್ದು."

"ನಂಗೊತ್ತಿತ್ತು" ಎಂದಳು ಅಕ್ಕ. ಕಣ್ಣು ಒದ್ದೆಯಾಗಿತ್ತು, ಮುಖ ಅರಳಿತ್ತು. ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದಳು. "ಅಚ್ಚು ಆಕ್ಸು, ಬೇಡ ಅನ್ನಲ್ಲ. ಆದ್ರೆ ಆವು ಇದ್ದಲ್ಲೇ ಇರ್ಲಿ. ಕೊನೇದನ್ನ ಮಾತ್ರ ತಿದ್ದು."

"ಕೊನೇದು ಯಾವ್ದು?"

"ಧೈರ್ಯ ಬಂದಿಲ್ಲ ಅಂತಿದೆಯಲ್ಲ, ಅದೇ ತಪ್ಪು. ಬಂದಿದೆ. ಮೊನ್ನೆ ಆ ಮಂಚ ಬಿಚ್ಚಿಸಿ ಕಳಿಸ್ಬಿಟ್ಟೆ. ಆ ಕೋಣೇಲಿ ಈಗ ಬಟ್ಟೆ ಇಸ್ತ್ರಿ ಮಾಡ್ತೀನಿ, ಒಳ್ಳೇ ಬೆಳಕು ಬರುತ್ತೆ."

"ಶಿಷ್ಯರು ಏನಂತಾರಕ್ಕಾ? ಎರಡನೇ ಸಲಾನೂ ಹಾವೇ ಇದ್ರೆ?"

"ನಿನ್ನ ಕಣ್ಣಿಗೆ ವಯಸ್ಸಾಯ್ತು ಅಂತಾರೆ" ಎಂದಳು ಅಕ್ಕ ಸಲೀಸಾಗಿ.

"ಅನ್ಲಿ ಬಿಡು" ಎಂದಳು ತಂಗಿ, ಅನ್ನುವಾಗ ಅಷ್ಟೇನೂ ಕಷ್ಟವಾಗಲಿಲ್ಲ.

"ಎಲ್ಲಿ, ತೋರ್ಸು ನೋಡಣ" ಎಂದು ಅಕ್ಕ ಎದ್ದು ಮೇಜು ಬಳಸಿ ಬರತೊಡಗಿದಳು, ಕನ್ನಡಕವನ್ನು ಇನ್ನೂ ಒರೆಸುತ್ತಲೇ. ಅವಳಿಗೆ ಆಗ ನೆನಪಾಯಿತು: ಪರದೆಯ ಮೇಲೆ ಇರುವುದು ಸರಿಯಾದ ಪ್ರತಿ. ಸಾವು ಎಂದೇ ಇದೆ, ಕಪ್ಪು ಅಕ್ಷರದಲ್ಲಿ, ಎದ್ದು ಕಾಣುವ ಹಾಗೆ. ಮೌಸ್ ಸರಿಸಿ ಆ ಮಾತಿನ ಮೇಲೆ ತಂದು ನಿಲ್ಲಿಸಿದಳು. ಸಾ ಅಳಿಸಿದಳು. ಬೆರಳು ಮೇಲಿನ ಸಾಲಿಗೆ ಹೋಯಿತು. ಹಾ ಎಂದು ಒತ್ತಿದಳು. ಆಮೇಲೆ ಸಾಲಿನ ತುದಿಗೆ ಹೋಗಿ, ನನಗಿನ್ನೂ ಎಂದಿದ್ದನ್ನು ನನಗೀಗ ಮಾಡಿ, ಬಂದಿಲ್ಲ ಎಂದಿದ್ದನ್ನು ಬಂದಿದೆ ಎಂದು ಮಾಡಿದಳು. ಹೊಸ ಯಂತ್ರ ಎಲ್ಲವನ್ನೂ ಕೊಟ್ಟ ಹಾಗೇ ಇಟ್ಟುಕೊಂಡಿತು.

ಅಕ್ಕ ಕನ್ನಡಕ ಹಾಕಿಕೊಂಡು, ತಂಗಿಯ ಭುಜ ಹಿಡಿದು ಬಾಗಿ, ಪರದೆಯ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದಳು.

"ಆವು ಮಲಗಿದ್ದ ಮಂಚದ ಕಡೆ ನೋಡಲು ನನಗೀಗ ಧೈರ್ಯ ಬಂದಿದೆ."

ಓದಿ ಮುಗಿಸಿ ತಂಗಿಯ ಮುಖ ನೋಡಿದಳು. "ಯೇಗಿದೆ? ಏನಾದ್ರೂ ತಪ್ಪಿದೆಯಾ?"

"ಒಂದೂ ಇಲ್ಲ ಅಕ್ಕಾ" ಎಂದಳು ಅವಳು.